ಹತ್ತರಿಂದ ಕೆಳಕ್ಕೆ

ನನಗೆ ಸಿಟ್ಟು ಜಾಸ್ತಿ ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನೇನು ಹಲ್ಲು ಕಡಿಯುತ್ತಲೇ ಹುಟ್ಟಿದವನಲ್ಲ. ಹತ್ತು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣದ ಡಬ್ಬಿಯೊಳಗೆ ಸ್ಟೂಲಿನ ಮೇಲೆ ಕೂತು, ನಿಮ್ಮ ಮುಖ ಕೂಡ ನೋಡದೆ ‘ಆರು’ ‘ಎಂಟು’ ಎಂದು ಗೋಡೆಗೆ ಹೇಳುವ ಜನರನ್ನು ಹತ್ತಿಸಿ ಇಳಿಸಿ ನೋಡಿ. ಸಂಜೆ ಮನೆಗೆ ಹೋದಾಗ ಹೆಂಡತಿ ‘ಬಂದ್ರಾ’ ಎಂದರೂ ಸಿಟ್ಟು ಬರುತ್ತದೆ. ಬರದೆ ಇನ್ನೆಲ್ಲಿಗೆ ಹೋಗಿರುತ್ತೇನೆ?

ಆದರೆ ಈಗ ಹೇಳಹೊರಟಿರುವ ಸಿಟ್ಟು ಅಂಥ ದಿನಬಳಕೆಯದಲ್ಲ. ಅದಕ್ಕೆ ಕಾರಣ ನನ್ನ ಹೆಂಡತಿಯ ಅಣ್ಣ.

ಭಾವ ವಿಮಾ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಬಸ್ಸಿನಲ್ಲಿ ಅರ್ಧ ದಿನ ಹಿಡಿಯುವ ಊರಿನಲ್ಲಿ ಅವರಿಗೆ ದೊಡ್ಡ ಮನೆ, ಮನೆಯ ಹಿಂದೆ ಕೈತೋಟ, ಕೈತೋಟದಲ್ಲಿ ಉಯ್ಯಾಲೆ. ಉಯ್ಯಾಲೆಯಲ್ಲಿ ಕೂರಲು ಮಕ್ಕಳಿಲ್ಲ. ನಮಗೆ ಉಯ್ಯಾಲೆ ಇಲ್ಲ, ಆರು ವರ್ಷದ ಒಬ್ಬಳು ಮಗಳಿದ್ದಾಳೆ. ಅವಳಿಗೆ ಇಟ್ಟ ಹೆಸರು ಅವಳಿಗಿಂತ ಉದ್ದವಾಗಿದ್ದುದರಿಂದ ವಠಾರವೆಲ್ಲ ಅವಳನ್ನು ಚೋಟು ಎನ್ನುತ್ತದೆ.

ಹೋದ ವರ್ಷ ಚೋಟುವನ್ನು ಪಕ್ಕದ ಬೀದಿಯ ಇಂಗ್ಲಿಷ್ ಶಾಲೆಗೆ ಸೇರಿಸಲು ಕರೆದುಕೊಂಡು ಹೋಗಿದ್ದೆವು. ಮನೆಯಲ್ಲಿ ನಿದ್ದೆಗಣ್ಣಲ್ಲೂ ಬಾಯಿ ಮುಚ್ಚದ ಹುಡುಗಿ ಹೆಡ್ ಮಿಸ್ಸಿನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ‘ಒಂದಿಷ್ಟು ಇಂಗ್ಲಿಷ್ ಕಲಿಸಿ ಮುಂದಿನ ವರ್ಷ ಕರ್ಕೊಂಡ್ ಬನ್ನಿ’ ಎಂದು ಕಳಿಸಿಬಿಟ್ಟರು. ಇಂಗ್ಲಿಷ್ ನಾವೇ ಕಲಿಸುವುದಾದರೆ ಶಾಲೆಯಲ್ಲಿ ಅವರು ಏನು ಮಾಡುತ್ತಾರೆ ಎಂದು ಕೇಳಬೇಕೆಂದಿದ್ದೆ. ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಈ ಸುದ್ದಿ ತಿಳಿದು ಭಾವ ಬಂದರು. ಕಾಲ ಮೇಲೆ ಕಾಲು ಹಾಕಿ ಕೂತು, ಪಾಲಿಸಿ ಮಾರುವ ದನಿಯಲ್ಲೇ ಹೇಳಿದರು: “ನೋಡಪ್ಪಾ, ಮುಂದಿನ ವರ್ಷಾನೂ ತಗೊಳ್ಳಲ್ಲ ಅಂದ್ರೆ ಮಗು ನಮ್ಮನೇಲಿರ್ಲಿ. ಅಲ್ಲಿ ಒಳ್ಳೇ ಶಾಲೆ ಇದೆ, ನಿಮ್ಮ ಅತ್ತಿಗೆ ಆಗ್ಲೇ ಅವಳಿಗೆ ಅಂತ ಒಂದು ರೂಮಿಗೆ ಬಣ್ಣ ಹೊಡ್ಸಿದಾಳೆ. ನೀವು ರಜೆ ಸಿಕ್ಕಾಗ ಬಂದು ನೋಡ್ಕೊಂಡು ಹೋಗಿ.”

ನನ್ನ ಮಗಳನ್ನು ನಾನು ರಜೆ ಸಿಕ್ಕಾಗ ನೋಡಬೇಕಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಸೆರಗಿನ ದಾರ ಕೀಳುತ್ತಿದ್ದಳು. ಬೇಡ ಅನ್ನಲಿಲ್ಲ. ಮಗಳಿಗೆ ಒಳ್ಳೆಯದಾಗುವುದಾದರೆ ಎಂದು ಅವಳ ಮನಸ್ಸು ಅರ್ಧ ದಾರಿ ಹೋಗಿಬಿಟ್ಟಿದೆ ಎಂದು ಗೊತ್ತಾಯಿತು.

“ಭಾವ, ಇಂಗ್ಲಿಷ್ ನಾನೇ ಹೇಳ್ಕೊಡ್ತೀನಿ. ದಿನಪೂರ್ತಿ ಇಂಗ್ಲಿಷಲ್ಲೇ ಕೆಲಸ ಮಾಡೋನು ನಾನು,” ಎಂದೆ.

ಇದು ಪೂರ್ತಿ ಸುಳ್ಳೇನಲ್ಲ. ಲಿಫ್ಟಿನೊಳಗೆ ಬರೆದಿರುವುದೆಲ್ಲ ಇಂಗ್ಲಿಷೇ. ಅಪ್, ಡೌನ್, ಡೋರ್, ಓವರ್‌ಲೋಡ್, ಔಟ್ ಆಫ್ ಆರ್ಡರ್ ಇಷ್ಟೂ ನನಗೆ ಬಾಯಿಪಾಠ. ಭಾವ ಮೂಗಿನ ತುದಿಯಲ್ಲಿ ನಕ್ಕು, “ಆಗ್ಲಪ್ಪಾ, ಶಾಲೆಗೆ ಕರ್ಕೊಂಡು ಹೋಗೋವಾಗ ನಾನೂ ಬರ್ತೀನಿ,” ಎಂದು ಎದ್ದುಹೋದರು.

ಈಗ ಪುಸ್ತಕ ಬೇಕಲ್ಲ. ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮಕ್ಕಳ ಡಾಕ್ಟರ ಶಾಪಿದೆ. ಅಲ್ಲಿಯ ನರ್ಸಮ್ಮ, ಕಾಯುವ ಮಕ್ಕಳು ಹರಿದು ಹಾಕಿದ ಒಂದು ಚಿತ್ರಪುಸ್ತಕವನ್ನು ಕಸದ ಬುಟ್ಟಿಗೆ ಒಯ್ಯುತ್ತಿದ್ದವರು ನನಗೆ ಕೊಟ್ಟರು. ಬಾಹ್ಯಾಕಾಶದ ಪುಸ್ತಕ. ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಇಂಗ್ಲಿಷ್ ಪದ. ಮೊದಲ ಪುಟದಲ್ಲಿ ಉಬ್ಬಿದ ಬಟ್ಟೆ ತೊಟ್ಟವರು ರಾಕೆಟ್ಟು ಹತ್ತುತ್ತಿದ್ದಾರೆ, ಕೆಳಗೆ ‘ಟೆನ್’. ಮುಂದಿನದರಲ್ಲಿ ಬಾಗಿಲು ಮುಚ್ಚುತ್ತದೆ, ‘ನೈನ್’. ಪಟ್ಟಿ ಬಿಗಿದುಕೊಳ್ಳುತ್ತಾರೆ, ‘ಏಟ್’. ಹೀಗೆ ಇಳಿಯುತ್ತಾ ಇಳಿಯುತ್ತಾ ‘ಝೀರೋ’ ಪುಟದಲ್ಲಿ ಬೆಂಕಿ, ಹೊಗೆ, ರಾಕೆಟ್ಟು ಮಾಯ. ಆಮೇಲೆ ಚಂದ್ರ, ನಕ್ಷತ್ರ, ನೀಲಿ ಭೂಮಿ.

ನೋಡಿ ನನ್ನ ಎದೆ ಉಬ್ಬಿತು. ನಮ್ಮ ಲಿಫ್ಟಿನಲ್ಲೂ ಗುಂಡಿಗಳು ಮೇಲೆ ಹತ್ತರಿಂದ ಶುರುವಾಗಿ ಕೆಳಗೆ ಸೊನ್ನೆಗೆ ಮುಗಿಯುತ್ತವೆ. ಸೊನ್ನೆ ಎಂದರೆ ನೆಲ, ಅಲ್ಲಿ ಎಲ್ಲರೂ ಇಳಿದು ಹೋಗುತ್ತಾರೆ. ಈ ಪುಸ್ತಕ ಬರೆದವನು ನಮ್ಮ ಕಸುಬಿನವನೇ ಇರಬೇಕು ಅನ್ನಿಸಿತು.

ಒಬ್ಬಳನ್ನೇ ಕೂರಿಸಿದರೆ ಚೋಟು ಬಾಯಿ ಬಿಡುವುದಿಲ್ಲವೆಂದು ವಠಾರದ ಮಕ್ಕಳನ್ನೆಲ್ಲ ಸೇರಿಸಿದೆ. ಫೀಸು ಇಲ್ಲ ಎಂದ ಕೂಡಲೇ ಎಲ್ಲ ತಾಯಂದಿರಿಗೂ ಇಂಗ್ಲಿಷಿನ ಮೇಲೆ ಪ್ರೀತಿ ಉಕ್ಕಿತು. ಕೂತು ಕಲಿಯುವುದು ನನಗೆ ಹಿಡಿಸುವುದಿಲ್ಲ, ದಿನವಿಡೀ ಕೂತೇ ನನ್ನ ಸೊಂಟ ಹೋಗಿದೆ. ಹಾಗಾಗಿ ಪಾಠ ವಠಾರದ ಮೆಟ್ಟಿಲ ಮೇಲೆ. ಅಂಗಳದಿಂದ ಹತ್ತನೇ ಮೆಟ್ಟಿಲ ಮೇಲೆ ಮಕ್ಕಳನ್ನು ನಿಲ್ಲಿಸಿ, ಪುಸ್ತಕ ಎತ್ತಿ ಹಿಡಿದು, ಪುಟ ತಿರುವುತ್ತಿದ್ದೆ. ‘ಟೆನ್’ ಎಂದು ಅಲ್ಲೇ ಕೂಗು, ‘ನೈನ್’ ಎಂದು ಒಂದು ಮೆಟ್ಟಿಲು ಇಳಿ, ‘ಏಟ್’ ಎಂದು ಇನ್ನೊಂದು. ‘ಝೀರೋ’ ಎಂದರೆ ಎಲ್ಲರೂ ಒಟ್ಟಿಗೆ ಅಂಗಳಕ್ಕೆ ಧುಮುಕಿ ರಾಕೆಟ್ಟಿನಂತೆ ಕೂಗಬೇಕು.

ಝೀರೋ ಪುಟದ ಮೂಲೆಯಲ್ಲಿ, ಹೊಗೆಯ ಕೆಳಗೆ, ಇರುವೆಯಷ್ಟು ಪುಟ್ಟ ಜನ ನಿಂತು ಕೈ ಬೀಸುತ್ತಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚೋಟುವಿನ ಕಣ್ಣಿಗೆ ಬಿತ್ತು.

“ಅಪ್ಪಾ, ಇವ್ರು ಯಾರು?”

“ರಾಕೆಟ್ಟಲ್ಲಿ ಹೋದೋರ ಮನೆಯವರು.”

“ಅವ್ರ್ಯಾಕೆ ಹೋಗ್ಲಿಲ್ಲ?”

“ಜಾಗ ಇಲ್ಲ. ಓವರ್‌ಲೋಡ್.”

“ಹೋದೋರು ವಾಪಸ್ ಬರ್ತಾರಾ?”

ಕೊನೆಯ ಹಾಳೆಗಳನ್ನು ಡಾಕ್ಟರ ಶಾಪಿನ ಯಾವುದೋ ಮಗು ಹರಿದು ಹಾಕಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿಕೊಡುವ ಮೇಷ್ಟ್ರು ನಾನಲ್ಲ. “ಈ ಪುಸ್ತಕದಲ್ಲಿ ಬರಲ್ಲ,” ಎಂದು ಹೇಳಿ ಮುಂದಿನ ಪುಟ ತಿರುವಿದೆ.

ಕೆಲವೇ ದಿನಗಳಲ್ಲಿ ವಠಾರವೆಲ್ಲ ಇಂಗ್ಲಿಷ್ ಮಯವಾಯಿತು. ಹಾಲಿನ ಲೋಟ ಕೈಗೆ ಕೊಟ್ಟರೆ ಮಕ್ಕಳು ಹತ್ತರಿಂದ ಎಣಿಸಿ, ಝೀರೋ ಬಂದ ಮೇಲೇ ಗಟಗಟ ಕುಡಿಯುತ್ತಿದ್ದವು. ಸ್ನಾನಕ್ಕೆ ನಿಲ್ಲಿಸಿದರೆ ಝೀರೋಗೆ ಬಕೆಟ್ಟೇ ಮಗುಚಿ ಬೀಳುತ್ತಿತ್ತು. ಕೆಳಗಿನ ಮನೆಯಲ್ಲಿರುವ ಟೈಲರು ಒಂದು ಸಂಜೆ ಅರ್ಧ ಹೊಲಿದ ಪ್ಯಾಂಟು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ. ಪ್ಯಾಂಟಿನ ಹೊಲಿಗೆ ಮಂಡಿಯ ತನಕ ನೆಟ್ಟಗೆ ಬಂದು ಅಲ್ಲಿಂದ ಜೇಬಿನ ಕಡೆ ಹೊರಟುಹೋಗಿತ್ತು.

“ಇದೇನು?” ಎಂದೆ.

“ನಿಮ್ಮ ಝೀರೋ. ಅಷ್ಟೂ ಮಕ್ಕಳು ನನ್ನ ಕಿಟಕಿ ಮುಂದೆ ಧುಮುಕಿದಾಗ ಮಿಷನ್ ಮೇಲಿರೋ ನನ್ನ ಕಾಲು ಏನು ಮಾಡ್ಬೇಕು ಹೇಳಿ. ಇದು ಮದುವೆ ಗಂಡಿನ ಪ್ಯಾಂಟು.”

“ಮದುವೆ ಗಂಡಿನ ಮಂಡಿ ಯಾರು ನೋಡ್ತಾರೆ?” ಎಂದೆ. ಅವನು ಅದೇ ಪ್ಯಾಂಟಿನಿಂದ ನನ್ನ ಬಾಗಿಲಿಗೆ ಒಂದು ಬಾರಿಸಿ ಹೋದ.

ಮಾರನೆಯ ದಿನ ಅವನ ಹೆಂಡತಿ ಬಂದಳು. ಅವರ ದೊಡ್ಡ ಹುಡುಗ ಆಗಲೇ ಶಾಲೆಗೆ ಹೋಗುತ್ತಿದ್ದವನು. ನನ್ನ ಪಾಠಕ್ಕೆ ಸೇರಿದ ಮೇಲೆ ಅವನು ಶಾಲೆಯಲ್ಲಿ ಹತ್ತರಿಂದ ಶುರು ಮಾಡಿದನಂತೆ, ಬೆಂಚಿನ ಮೇಲೆ ಹತ್ತಿ ಝೀರೋಗೆ ಟೀಚರ ಕಾಲ ಮೇಲೆ ಧುಮುಕಿದನಂತೆ.

“ಒಂದರಿಂದ ಹೇಳಿಕೊಡ್ಬಾರ್ದೇನಣ್ಣಾ? ಲೋಕದಲ್ಲಿ ಎಲ್ರೂ ಒಂದರಿಂದಾನೇ ಎಣಿಸೋದು,” ಎಂದಳು.

“ಲೋಕದವರೆಲ್ಲ ಲಿಫ್ಟು ನಡೆಸ್ತಾರೇನಮ್ಮಾ?” ಎಂದು ಗದರಿಸಿ ಕಳಿಸಿದೆ. ಆದರೆ ಬಾಗಿಲು ಹಾಕಿದ ಮೇಲೆ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿ ನೋಡಿದೆ. ಒಂದರಿಂದ ಎಣಿಸುವುದು ಎಂಬುದೊಂದು ಉಂಟು ಎಂದು ನನಗೆ ನಿಜಕ್ಕೂ ಹೊಳೆದೇ ಇರಲಿಲ್ಲ. ಹೊಳೆಯುವಂತೆ ಮಾಡಿದ ಟೈಲರನ ಹೆಂಡತಿಯ ಮೇಲೆ ಸಿಟ್ಟು ಬಂತು.

ಅಷ್ಟರಲ್ಲಿ ಹೇಳದೆ ಕೇಳದೆ ಭಾವ ಬಂದಿಳಿದರು. ಶಾಲೆಗೆ ಹೋಗುವುದಕ್ಕೆ ಇನ್ನೂ ಒಂದು ವಾರವಿದೆ ಎನ್ನುವಾಗಲೇ, ಒಂದು ಖಾಲಿ ಸೂಟ್‌ಕೇಸ್ ಸಮೇತ. ಅವರು ಅಂಗಳಕ್ಕೆ ಕಾಲಿಟ್ಟಾಗ ಮೆಟ್ಟಿಲ ಮೇಲೆ ನನ್ನ ತರಗತಿ ‘ಟೂ’ನಲ್ಲಿತ್ತು. ನಾನು ಪುಸ್ತಕದ ಹಿಂದಿದ್ದೆ, ಅವರು ನನಗೆ ಕಾಣಲಿಲ್ಲ. ‘ಒನ್’ ಆಯಿತು, ‘ಝೀರೋ’ ಆಯಿತು. ಅಷ್ಟೂ ಮಕ್ಕಳು ಧುಮುಕಿದರು. ಟೈಲರನ ಹುಡುಗ ಸೂಟ್‌ಕೇಸಿನ ಮೇಲೆ ಇಳಿದ, ಸೂಟ್‌ಕೇಸು ಭಾವನ ಕಾಲ ಮೇಲೆ ಇಳಿಯಿತು, ಭಾವ ಅಂಗಳದ ಮೇಲೆ ಇಳಿದರು.

ಅಕ್ಕಪಕ್ಕದವರೆಲ್ಲ ಬಂದು ಅವರನ್ನು ಎತ್ತಿ ಕೂರಿಸಿದರು. ಟೈಲರು ಕಿಟಕಿಯೊಳಗಿಂದ, “ನಮ್ಮ ಪ್ಯಾಂಟಿಗಿಂತ ವಾಸಿ,” ಎಂದ. ಭಾವ ಧೂಳು ಕೊಡವಿಕೊಂಡು, ಪುಸ್ತಕ ತಿರುವಿ ನೋಡಿ, ವಠಾರಕ್ಕೆಲ್ಲ ಕೇಳುವಂತೆ ನಗಲು ಶುರು ಮಾಡಿದರು.

“ಇದಾ ನಿನ್ನ ಇಂಗ್ಲಿಷು? ಮಗು ಹಿಂದಿನಿಂದ ಎಣಿಸುತ್ತಲ್ಲಪ್ಪಾ. ಇದು ರಾಕೆಟ್ಟು ಹಾರ್ಸೋದಕ್ಕೆ ಎಣಿಸೋದು, ಮಕ್ಕಳನ್ನ ಶಾಲೆಗೆ ಸೇರ್ಸೋದಕ್ಕಲ್ಲ.” ಆಮೇಲೆ ಚೋಟುವನ್ನು ಹತ್ತಿರ ಎಳೆದುಕೊಂಡು ಅವಳ ಗಲ್ಲ ಹಿಂಡಿದರು. “ಏನೇ ಪುಟ್ಟಿ, ಝೀರೋ ಅಂದ್ಮೇಲೆ ರಾಕೆಟ್ಟು ಎಲ್ಲಿಗೆ ಹೋಗುತ್ತೆ ಗೊತ್ತಾ? ನಮ್ಮೂರಿಗೆ. ನೀನು ಝೀರೋ ಅಂದ್ರೆ ಸಾಕು, ಈ ಸೂಟ್‌ಕೇಸ್ ತುಂಬಿಸ್ಕೊಂಡು ನಿನ್ನ ಕರ್ಕೊಂಡು ಹೋಗ್ಬಿಡ್ತೀನಿ.”

ಅವರು ಪ್ರೀತಿಯಿಂದಲೇ ಹೇಳಿದ್ದು. ಚೋಟು ಅವರ ಮುಖ ನೋಡಿದಳು, ಸೂಟ್‌ಕೇಸ್ ನೋಡಿದಳು. ನಾನು ಆ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು ಭಾವನಿಗೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲಿ ಹರಿತ ಮಾಡುತ್ತಿದ್ದೆ. ಅದು ಹರಿತವಾಗುವಷ್ಟರಲ್ಲಿ ಅವರು ಒಳಗೆ ಹೋಗಿ ಕಾಫಿ ಕುಡಿದು ಮುಗಿಸಿದ್ದರು.

ಆವತ್ತಿನಿಂದ ಚೋಟುವಿನ ಲೆಕ್ಕ ಕೆಟ್ಟಿತು. ಮೆಟ್ಟಿಲ ಮೇಲೆ ಹತ್ತರಿಂದ ಸರಿಯಾಗಿ ಬರುತ್ತಿದ್ದವಳು ‘ಒನ್’ಗೆ ಬಂದು ಕೊನೆಯ ಮೆಟ್ಟಿಲ ಮೇಲೆ ಗೂಟ ಹೊಡೆದಂತೆ ನಿಂತುಬಿಡುತ್ತಿದ್ದಳು. ಬೇರೆ ಮಕ್ಕಳು ಧುಮುಕುತ್ತಿದ್ದರು, ಇವಳು ಎರಡೂ ಕೈಯಲ್ಲಿ ಕಂಬಿ ಹಿಡಿದಿರುತ್ತಿದ್ದಳು. ನಾನು ಹೇಳಿದೆ, ಬೈದೆ, ಪುಟ ತೋರಿಸಿದೆ. “ತಾಯಿ ಕಡೆಯ ಹಠ,” ಎಂದು ಹೆಂಡತಿಗೂ ಒಂದು ಪಾಲು ಬೈಗುಳ ಹಂಚಿದೆ.

ಆದರೆ ಒಂದರಿಂದ ಹತ್ತರ ತನಕ ಕಲಿಸಬೇಕಿತ್ತಲ್ಲ. ವಾರದಲ್ಲಿ ಅದು ತಲೆಗೆ ಹೋಗಬೇಕಾದರೆ ಒಂದೇ ದಾರಿ. ಅವಳನ್ನು ಲಿಫ್ಟಿಗೆ ಕರೆದುಕೊಂಡು ಹೋದೆ.

ಸ್ಟೂಲಿನ ಮೇಲೆ ಅವಳನ್ನು ನಿಲ್ಲಿಸಿ ಮೇಲಕ್ಕೆ ಹೊರಟೆ. ಮಹಡಿ ಬಂದಂತೆಲ್ಲ ನಿಲ್ಲಿಸಿ, ಬಾಗಿಲು ತೆರೆದು, ಗೋಡೆಯ ಮೇಲಿನ ಅಂಕಿ ತೋರಿಸಿ ಹೇಳಿಸಬೇಕು. ಒಳಗೆ ಹತ್ತನೇ ಮಹಡಿಗೆ ಹೋಗಬೇಕಾದ ಲೆಕ್ಕ ತಪಾಸಣೆಯ ಸಾಹೇಬರಿದ್ದರು. ‘ತ್ರೀ’ ತನಕ ಸುಮ್ಮನಿದ್ದರು. ‘ಫೋರ್’ನಲ್ಲಿ ಕೆಮ್ಮಿದರು.

“ಏನ್ರೀ ಇದು, ಯಾರೂ ಹತ್ತೋದೂ ಇಲ್ಲ ಇಳಿಯೋದೂ ಇಲ್ಲ, ಎಲ್ಲಾ ಕಡೆ ನಿಲ್ಲಿಸ್ತೀರಲ್ಲ?”

“ತಪಾಸಣೆ ಸಾರ್. ಬಾಗಿಲು ತೆಗೆಯುತ್ತೋ ಇಲ್ವೋ ನೋಡ್ಬೇಕು.”

“ಆ ಮಗು?”

“ಇಂಗ್ಲಿಷ್ ಬರೋ ಸಿಬ್ಬಂದಿ ಇವಳೊಬ್ಬಳೇ ಸಾರ್.”

ಸಾಹೇಬರು ಆರನೇ ಮಹಡಿಯಲ್ಲಿ ಇಳಿದು ಮೆಟ್ಟಿಲು ಹಿಡಿದರು. ನಾವು ಹತ್ತಕ್ಕೆ ಹೋಗಿ ನಿಂತಾಗ ಅವರು ಏದುಸಿರು ಬಿಡುತ್ತಾ ಎದುರಾದರು, ನನ್ನನ್ನು ನೋಡಿದ ನೋಟಕ್ಕೇ ನನ್ನ ಈ ವರ್ಷದ ಸಂಬಳದ ಬಡ್ತಿ ಹೋದಂತಿತ್ತು. ಅದಕ್ಕೆ ನಾನು ಹೆದರಲಿಲ್ಲ. ಚೋಟುವಿಗೆ ಒಂದರಿಂದ ಹತ್ತು ಬಂದಿತ್ತು, ಮಧ್ಯಾಹ್ನದೊಳಗೆ ಚೆನ್ನಾಗಿಯೇ ಬಂದಿತ್ತು.

ತೊಂದರೆಯಾದದ್ದು ಇಳಿಯುವಾಗ. ಊಟದ ಹೊತ್ತು, ಲಿಫ್ಟು ತುಂಬಿತ್ತು. ಎಲ್ಲರಿಗೂ ನೆಲಕ್ಕೆ ಹೋಗಬೇಕು. ಒಂದನೇ ಮಹಡಿ ದಾಟುವ ಮುಂಚೆ ಚೋಟು ಕೈ ಚಾಚಿ ಕೆಂಪು ಗುಂಡಿ ಒತ್ತಿ ಹಿಡಿದುಬಿಟ್ಟಳು. ಲಿಫ್ಟು ಕುಲುಕಿ ನಿಂತಿತು.

“ಸೊನ್ನೆ ಬೇಡ,” ಎಂದಳು.

ಗದರಿಸಿದೆ, ಕೈ ಬಿಡಿಸಲು ನೋಡಿದೆ. ಬಿಡಲಿಲ್ಲ. ನರ್ಸಮ್ಮ ಮುದ್ದು ಮಾಡಿ ನೋಡಿದರು. ಕೊನೆಗೆ ಬಾಗಿಲು ಜಗ್ಗಿ ತೆರೆದು ಡಾಕ್ಟರು, ವಕೀಲರು, ಗುಮಾಸ್ತರು ಎಲ್ಲರೂ ಒಂದನೇ ಮಹಡಿಯಿಂದ ನಡೆದು ಇಳಿದರು. ಕಟ್ಟಡದ ಮೇಲ್ವಿಚಾರಕ ಓಡಿಬಂದು ನನ್ನನ್ನು ಊರೆಲ್ಲ ಕೇಳುವಂತೆ ಬೈದ. ಕೋಪ ತಡೆಯಲಾರದೆ ನಾನು ಚೋಟುವಿನ ಬೆನ್ನಿಗೆ ಒಂದು ಹಾಕಿದೆ. ಅವಳು ಅಳಲಿಲ್ಲ, ಗುಂಡಿಯಿಂದ ಬೆರಳೂ ತೆಗೆಯಲಿಲ್ಲ.

ಶಾಲೆಯ ದಿನ ಬಂತು. ಹೆಡ್ ಮಿಸ್ಸಿನ ಕೋಣೆಯಲ್ಲಿ ಸಾಲಾಗಿ ಕೂತೆವು, ನಾನು, ಹೆಂಡತಿ, ಭಾವ. ಭಾವನ ಕಾಲ ಬಳಿ ಆ ಸೂಟ್‌ಕೇಸು. ಈಗ ಅದು ಖಾಲಿ ಇರಲಿಲ್ಲ. ಚೋಟುವಿನ ಫ್ರಾಕುಗಳನ್ನು ಹೆಂಡತಿಯೇ ಮಡಚಿ ಇಟ್ಟಿದ್ದಳು. ‘ಯಾವುದಕ್ಕೂ ಇರ್ಲಿ’ ಎಂದಿದ್ದಳು. ಆ ಮಾತಿಗೆ ನಾನು ಬೆಳಗಿನಿಂದ ಅವಳ ಜೊತೆ ಮಾತು ಬಿಟ್ಟಿದ್ದೆ.

ಹೆಡ್ ಮಿಸ್ಸು ಕನ್ನಡಕ ಏರಿಸಿಕೊಂಡು, ಇಂಗ್ಲಿಷಿನಲ್ಲಿ ಅಂಕಿ ಹೇಳು ಎಂದರು. ಚೋಟು ಎದ್ದು ನಿಂತಳು. ಹೋದ ವರ್ಷದಂತೆ ಬಾಯಿ ಕಟ್ಟಲಿಲ್ಲ. ಅದೇ ಅನಾಹುತವಾಯಿತು. ಲಿಫ್ಟಿನ ಪಾಠವೆಲ್ಲ ಮರೆತು, ಅಭ್ಯಾಸ ಬಲದಿಂದ, “ಟೆನ್,” ಎಂದು ಶುರು ಮಾಡಿದಳು.

ನಾನು ಕಣ್ಣು ಮುಚ್ಚಿಕೊಂಡೆ. ನೈನ್, ಏಟ್, ಸೆವೆನ್. ಭಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದು ಕೇಳಿಸಿತು. ತ್ರೀ, ಟೂ, ಒನ್. ನಿಂತಳು.

“ಮುಂದೆ?” ಎಂದರು ಹೆಡ್ ಮಿಸ್ಸು.

ಇಲ್ಲ. ತುಟಿ ಬಿಗಿದುಕೊಂಡಿದ್ದಳು.

“ಹೇಳು ಪುಟ್ಟೀ, ಗೊತ್ತಲ್ವಾ ನಿಂಗೆ. ಝೀರೋ,” ಎಂದು ಭಾವ ಪಿಸುಗುಟ್ಟಿದರು.

ಚೋಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗೆ ತಲೆ ಕೆಟ್ಟುಹೋಯಿತು. “ಹೇಳೇ. ಬರುತ್ತೆ ಮಿಸ್, ಇವಳಿಗೆ ಬರುತ್ತೆ, ಬೇಕು ಅಂತಾನೇ ಹೀಗೆ ಮಾಡ್ತಾಳೆ,” ಎಂದು ಕೂಗಿದೆ. ಹೆಡ್ ಮಿಸ್ಸು ನನಗೆ ಸುಮ್ಮನಿರಲು ಕೈ ಮಾಡಿ, ಮೇಜು ಸುತ್ತಿ ಬಂದು, ಅವಳ ಮುಂದೆ ಮಂಡಿಯೂರಿದರು.

“ಯಾಕಮ್ಮಾ ಹೇಳಲ್ಲ?”

ಚೋಟು ಬೆರಳ ಸಂದಿಯಿಂದ ಹೇಳಿದಳು. “ಝೀರೋ ಅಂದ್ರೆ ಮಾವ ಕರ್ಕೊಂಡು ಹೋಗ್ತಾರೆ. ಅಪ್ಪ ಅಮ್ಮ ಕೆಳಗೇ ನಿಂತ್ಕೊಂಡು ಕೈ ಬೀಸ್ತಾರೆ. ವಾಪಸ್ ಬರೋದು ಪುಸ್ತಕದಲ್ಲಿಲ್ಲ.”

ಹೆಂಡತಿ ಸೂಟ್‌ಕೇಸನ್ನು ಭಾವನ ಕಾಲ ಬಳಿಯಿಂದ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ಅಂದು ಲಿಫ್ಟಿನಲ್ಲಿ ಚೋಟುವಿನ ಬೆನ್ನಿಗೆ ಹಾಕಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿನಲ್ಲಿಟ್ಟುಕೊಂಡೆ.

“ಸರಿ, ಕೆಳಕ್ಕೆ ಬೇಡ. ಮೇಲಕ್ಕೆ ಬರುತ್ತಾ?” ಎಂದರು ಹೆಡ್ ಮಿಸ್ಸು.

ಬಂತು. ಒಂದರಿಂದ ಹತ್ತರ ತನಕ ಉಸಿರು ಬಿಡದೆ ಹೇಳಿ, ಕೊನೆಗೆ ಹೆಡ್ ಮಿಸ್ಸಿಗೆ, “ಮೆಲ್ಲಗೆ ಇಳೀರಿ,” ಎಂದಳು. ಅದು ದಿನವೂ ನಾನು ಹತ್ತನೇ ಮಹಡಿಯಲ್ಲಿ ಹೇಳುವ ಮಾತು.

ಹೆಡ್ ಮಿಸ್ಸು ಎದ್ದು ಕುರ್ಚಿಗೆ ಹೋಗಿ ಕೂತರು. “ಇಲ್ಲಿ ಬರೋ ಮಕ್ಕಳೆಲ್ಲ ಗಿಳಿ ಹಾಗೆ ಹೇಳ್ತಾರೆ. ಏನು ಹೇಳ್ತಿದೀನಿ ಅಂತ ತಿಳ್ಕೊಂಡು ಬೇಡ ಅಂದೋಳು ಇವಳೊಬ್ಬಳೇ. ಸೋಮವಾರದಿಂದ ಕಳ್ಸಿ,” ಎಂದು ಗಂಟೆ ಒತ್ತಿದರು. ಇಷ್ಟು ಸುಲಭದ್ದಕ್ಕೆ ಒಂದು ವರ್ಷ ನಮ್ಮನ್ನು ಸತಾಯಿಸಿದ ಆ ಹೆಂಗಸಿನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೈ ಮುಗಿದು ಹೊರಗೆ ಬಂದೆ.

ಸಂಜೆ ಭಾವನನ್ನು ಬಸ್ಸಿಗೆ ಹತ್ತಿಸಲು ಎಲ್ಲರೂ ಹೋದೆವು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಅವರು ಮಾತಾಡಿದರೆ ಉತ್ತರ ಕೊಡೋಣವೆಂದು ನಾನು ಸಿದ್ಧವಾಗಿದ್ದೆ, ಅದೂ ವ್ಯರ್ಥವಾಯಿತು. ಬಸ್ಸು ಹತ್ತುವಾಗ ಮಾತ್ರ ನನ್ನ ಕಡೆ ತಿರುಗಿ, “ನಾನೇನು ಮಗೂನ ಕದ್ಕೊಂಡು ಹೋಗೋ ಕಳ್ಳನೇನಯ್ಯಾ?” ಎಂದರು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಕಿಟಕಿಯ ಪಕ್ಕ ಕೂತರು. ಪಕ್ಕದ ಸೀಟು ಖಾಲಿಯಿತ್ತು. ಅವರು ಎರಡು ಟಿಕೆಟ್ ತೆಗೆಸಿದ್ದರು.

ಡ್ರೈವರ್ ಟೀ ಕುಡಿಯುತ್ತಾ ನಿಂತಿದ್ದ, ಬಸ್ಸು ಹೊರಡುವ ಲಕ್ಷಣವೇ ಇರಲಿಲ್ಲ. ಹೆಂಡತಿ ಕಿಟಕಿಯ ಕೆಳಗೆ ನಿಂತು ಅತ್ತಿಗೆಯ ಆರೋಗ್ಯ ವಿಚಾರಿಸಿದಳು. ಆಗ ಭಾವ ಕಿಟಕಿಯಿಂದ ಬಗ್ಗಿ, ಚೋಟುವಿನ ಕಡೆ ನೋಡಿ, “ಟೆನ್,” ಎಂದರು.

ಚೋಟು ನನ್ನ ಮುಖ ನೋಡಿದಳು. ಆಮೇಲೆ ನನ್ನ ಬೆರಳು ಗಟ್ಟಿಯಾಗಿ ಹಿಡಿದುಕೊಂಡು, “ನೈನ್,” ಎಂದಳು.

“ಏಟ್,” ಎಂದರು ಭಾವ. “ಸೆವೆನ್,” ಎಂದಳು ಚೋಟು. ಡ್ರೈವರ್ ಲೋಟ ಇಟ್ಟು ಬಂದು ಕೂತ. ಫೈವ್‌ಗೆ ಎಂಜಿನ್ ಗುರುಗುಟ್ಟಿತು. ತ್ರೀಗೆ ಕಂಡಕ್ಟರ್ ಬಾಗಿಲು ಎಳೆದುಕೊಂಡ. ‘ಟೂ’ ಭಾವನದಾಯಿತು, ‘ಒನ್’ ಚೋಟುವಿನದಾಯಿತು. ಈಗ ಭಾವನ ಸರದಿ. ಅವರು ಬಾಯಿ ತೆರೆದರು, ಮತ್ತೆ ಮುಚ್ಚಿದರು. ವಿಮಾ ಕಚೇರಿಯನ್ನೇ ನಡುಗಿಸಿದ ಆ ಬಾಯಿಂದ ಒಂದು ಸೊನ್ನೆ ಹೊರಡಲಿಲ್ಲ.

ಚೋಟು ಕಿಟಕಿಯ ಕಡೆ ಮುಖ ಎತ್ತಿದಳು. ಆಮೇಲೆ ಮೆಲ್ಲಗೆ, ಅವರಿಗೆ ಮಾತ್ರ ಕೇಳುವ ಹಾಗೆ, “ಝೀರೋ, ಮಾವ,” ಎಂದಳು. ಬಸ್ಸು ಹೊರಟಿತು. ನಾವು ಮೂವರೂ ಕೆಳಗೆ ನಿಂತು ಕೈ ಬೀಸಿದೆವು.

ತಿರುವಿನಲ್ಲಿ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡದ್ದು ನನಗೆ ಕಾಣಿಸಿತು. ವರ್ಷವಿಡೀ ನನ್ನ ಹೊಟ್ಟೆ ಉರಿಸಿದ ಮನುಷ್ಯ, ಕೊನೆಯ ಗಳಿಗೆಯಲ್ಲಿ ಹೀಗೆ ಅತ್ತುಬಿಟ್ಟರೆ ಅಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಮನೆಗೆ ಬರುವ ತನಕ ನನಗೆ ಅದೇ ಸಿಟ್ಟು.